ಮನೆ ಮಾರಿ ವಚನ ಮುದ್ರಿಸಿದ ಹಳಕಟ್ಟಿಯವರು

ಇಂದು ನಾವು ಬಯಸಿದಾಗ ವಚನ ಸಂಪುಟಗಳನ್ನು ಕೈಗೆತ್ತಿಕೊಳ್ಳುತ್ತೇವೆ. ನೂರು ವರ್ಷಗಳ ಹಿಂದೆ ನಮ್ಮ ಹಿರಿಯರಿಗೆ ಈ ಸೌಭಾಗ್ಯವಿರಲಿಲ್ಲ. ವಚನಗಳ ಕಟ್ಟುಗಳು ಮಠಗಳಲ್ಲಿಯೂ ಮನೆಗಳ ಜಗುಲಿಯ ಮೇಲೂ ಇದ್ದವು. ಅವಕ್ಕೆ ವಿಭೂತಿ ಹಚ್ಚಿ, ಪತ್ರಿ ಪುಷ್ಪ ಏರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳ. ಆ ಕಟ್ಟುಗಳನ್ನು ಓದುಗರ ಕೈಗಿತ್ತವರು ವಚನ ಪಿತಾಮಹ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಕಾನೂನು ಓದಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಹೆಸರಿತ್ತು, ವರಮಾನವಿತ್ತು. ಆದರೆ ರಬಕವಿ-ಬನಹಟ್ಟಿಯಲ್ಲಿ ಕಂಡ ತಾಳೆಗರಿಗಳು ಅವರ ಮನಸ್ಸನ್ನು ಹಿಡಿದಿದ್ದವು. ಕಕ್ಷಿದಾರರ ಕೆಲಸ ಮುಗಿಸಿ ಊರೂರು ಅಲೆದರು. ತಾಳೆಗರಿಯ ಬರಹದಲ್ಲಿ ಪದಗಳ ನಡುವೆ ಬಿಡುವಿಲ್ಲ. ಹುಳು ತಿಂದ ಕಡೆ ಅಕ್ಷರವೇ ಇಲ್ಲ. ಒಂದು ವಚನದ ಪಾಠವನ್ನು ನಾಲ್ಕಾರು ಪ್ರತಿಗಳೊಡನೆ ಹೋಲಿಸಿ, ಅಂಕಿತ ನೋಡಿ, ಕರ್ತೃವನ್ನು ಗುರುತಿಸಬೇಕು. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ಕಾಲದಲ್ಲಿ ಅವರು ಇನ್ನೂರಕ್ಕೂ ಹೆಚ್ಚು ಶರಣರನ್ನು ಬೆಳಕಿಗೆ ತಂದರು.

ಬರೆದುದಾಯಿತು, ಅಚ್ಚು ಹಾಕುವವರಾರು? ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿ ಮುದ್ರಣವಾಗದೆ ಮರಳಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಪರರ ಅಚ್ಚುಮೊಳೆಗಳನ್ನು ನಂಬಿ ಈ ಕಾಯಕ ಸಾಗದೆಂದು ಅವರಿಗೆ ಮನವರಿಕೆಯಾಯಿತು. ಇದ್ದ ಮನೆಯನ್ನು ಮಾರಿದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಆರಂಭವಾಯಿತು. ಮರುವರ್ಷ ‘ಶಿವಾನುಭವ’ ಪತ್ರಿಕೆ, ಅನಂತರ ‘ನವಕರ್ನಾಟಕ’ ವಾರಪತ್ರಿಕೆ ಹೊರಬಂದವು.

ಹಳಕಟ್ಟಿಯವರು ಹಣದ ವ್ಯವಹಾರ ಅರಿಯದ ಮುಗ್ಧರೆಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದವರು ಅವರೇ. ಬಡ್ಡಿ, ಬಂಡವಾಳ, ಲಾಭ, ನಷ್ಟ ಎಲ್ಲವೂ ಅವರಿಗೆ ಗೊತ್ತಿದ್ದವು. ಜನ ಹಣ ಕೊಟ್ಟು ಕೊಳ್ಳುವಂಥದನ್ನು ಬರೆಯುವ ಶಕ್ತಿಯೂ ಇತ್ತು. ಶರಣರ ನುಡಿಗೆ ಆಗ ಪೇಟೆಯಲ್ಲಿ ಗಿರಾಕಿಗಳಿಲ್ಲವೆಂಬುದನ್ನು ಬಲ್ಲವರಾಗಿಯೇ ಅವರು ಆ ಕೆಲಸಕ್ಕೆ ಕೈಹಾಕಿದರು. ನಮಗೆ ಅಚ್ಚರಿಯೆನಿಸುವುದು ಇದೇ. ಪತ್ರಿಕೆಗೆ ಚಂದಾದಾರರು ಕಡಿಮೆ. ಕೊರತೆಯನ್ನು ವಕೀಲಿಯ ಗಳಿಕೆ ತುಂಬಬೇಕಿತ್ತು, ಆ ವಕೀಲಿಗೆ ಕೊಡಬೇಕಾದ ಹೊತ್ತನ್ನು ವಚನಗಳು ಕಸಿದುಕೊಂಡಿದ್ದವು. ಹರಿದ ಕೋಟು, ಹಳೆಯ ಸೈಕಲ್ಲು ಅವರ ಗುರುತಾದವು. ಅವರ ತ್ಯಾಗವನ್ನು ಕೊಂಡಾಡುವ ನಾವು ಆ ಬಡತನವನ್ನು ಅವರೊಡನೆ ಉಂಡ ಮನೆಯವರನ್ನು ನೆನೆಯುವುದು ಕಡಿಮೆ. ಮನೆ ಮಾರಲು ಒಪ್ಪಿದ ಆ ಕುಟುಂಬದ ಋಣವೂ ನಮ್ಮ ಮೇಲಿದೆ.

ಮನ್ನಣೆ ಬರದೇ ಇರಲಿಲ್ಲ. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಳಗುಮ್ಮಟಕ್ಕಿಂತ ಮೊದಲು ವಚನಗುಮ್ಮಟವನ್ನು ನೋಡಬೇಕೆಂದು ಹಳಕಟ್ಟಿಯವರ ಮನೆಗೆ ಹೋದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಅದು ಬಾಡಿಗೆಯ ಮನೆ. 1964ರ ಜೂನ್ 29ರಂದು ಲಿಂಗೈಕ್ಯರಾಗುವವರೆಗೂ, ಮಾರಿದ ಮನೆಯ ಬದಲಿಗೆ ಮತ್ತೊಂದನ್ನು ಅವರು ಕಟ್ಟಿಸಲಿಲ್ಲ.