ಹರ್ಷ ಕೊಟ್ಟ ಲೆಕ್ಕದ ಮಾಸ್ಟ್ರು

ನಮ್ಮ ಶಾಲೆಗೆ ಈಗ 50ರ ಸಂಭ್ರಮ. 50ರ ಅಂಕೆಗಳನ್ನು ಕೂಡಿದರೆ 5; ಆ 5ರಿಂದ 50 ಶೇಷವಿಲ್ಲದೆ ಭಾಗವಾಗುತ್ತದೆ. ಬೆಳ್ಳಿಹಬ್ಬದ 25ಕ್ಕೆ ಈ ಗುಣವಿಲ್ಲ. ಅದರ ಅಂಕೆಗಳ ಮೊತ್ತ 7. ತನ್ನ ಅಂಕೆಗಳ ಮೊತ್ತದಿಂದಲೇ ಪೂರ್ತಿ ಭಾಗವಾಗುವ ಇಂತಹ ಸಂಖ್ಯೆಗೆ 'ಹರ್ಷದ', ಅಂದರೆ ಹರ್ಷ ಕೊಡುವುದು, ಎಂದು ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಪ್ರೋಗ್ರಾಮಿಂಗ್ ಕಲಿಯುವ ಅನೇಕರಂತೆ ನಾನೂ ಈ ಸಂಖ್ಯೆಗಳನ್ನು ಹುಡುಕುವ ಪ್ರೋಗ್ರಾಂ ಬರೆದವನು. ಅವುಗಳ ಹಿಂದೆ ಇದ್ದವರು ಒಬ್ಬ ಶಾಲಾ ಮಾಸ್ಟ್ರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಕಾಪ್ರೇಕರರು ಹುಟ್ಟಿದ್ದು 1905ರ ಜನವರಿ 17ರಂದು, ಇಂದಿನ ಮಹಾರಾಷ್ಟ್ರದ ಡಹಾಣುವಿನಲ್ಲಿ. ಎಂಟನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರಾಗಿದ್ದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ, 1927ರಲ್ಲಿ, ಗಣಿತಕ್ಕಾಗಿ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಪಡೆದರು. 1929ರಲ್ಲಿ ಬಿ.ಎಸ್ಸಿ. ಮುಗಿಸಿದರು. ಸ್ನಾತಕೋತ್ತರ ಪದವಿ ಮಾಡಲಿಲ್ಲ. 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು.

ಪಾಠದ ನಡುವೆಯೂ ಅವರ ಮನಸ್ಸು ಅಂಕೆಗಳಲ್ಲೇ ಇತ್ತು. ಒಂದು ಸಂಖ್ಯೆಗೆ ಅದರ ಅಂಕೆಗಳ ಮೊತ್ತವನ್ನು ಸೇರಿಸಿದರೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ. ನಮ್ಮ ಬಜಪೆಯ ಪಿನ್ ಕೋಡ್ 574142 ಹುಟ್ಟುವುದು 574117ರಿಂದ: ಅದರ ಅಂಕೆಗಳ ಮೊತ್ತ 25, ಕೂಡಿ ನೋಡಿ. ಆದರೆ 20 ಯಾವ ಸಂಖ್ಯೆಯಿಂದಲೂ ಹೀಗೆ ಹುಟ್ಟುವುದಿಲ್ಲ. ಇಂತಹವುಗಳನ್ನು ಅವರು ಸ್ವಯಂಭು ಎಂದರು. ತಮ್ಮ ಊರಿನ ಹೆಸರಿನಲ್ಲಿ ದೇವಳಾಲಿ ಸಂಖ್ಯೆ ಎಂದೂ ಕರೆದರು. 1949ರಲ್ಲಿ ಮದ್ರಾಸಿನ ಸಮ್ಮೇಳನದಲ್ಲಿ 6174ರ ವಿಸ್ಮಯ ತಿಳಿಸಿದರು. ನಾಲ್ಕೂ ಅಂಕೆ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ. ಅಂಕೆಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಹೆಚ್ಚೆಂದರೆ ಏಳು ಸಲದೊಳಗೆ 6174 ಬಂದೇ ಬರುತ್ತದೆ.

ದೊಡ್ಡ ಗಣಿತಜ್ಞರು ಅನೇಕರು ಇದನ್ನು ಮಕ್ಕಳಾಟವೆಂದು ತಳ್ಳಿಹಾಕಿದರು. ಕಾಪ್ರೇಕರರು ತಾವೇ ಪುಸ್ತಿಕೆಗಳನ್ನು ಅಚ್ಚು ಹಾಕಿಸಿ ಹಂಚಿದರು. ನಿವೃತ್ತಿಯ ನಂತರ ಪಿಂಚಣಿ ಸಾಲದೆ ಮನೆಪಾಠ ಹೇಳಿದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದ ಮೇಲೆ ಹೊರಜಗತ್ತು ಅವರನ್ನು ಗುರುತಿಸಿತು. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ತೀರಿಕೊಂಡರು.

ಇಂದು ನನ್ನ ಲ್ಯಾಪ್‌ಟಾಪ್ ಕ್ಷಣದಲ್ಲಿ ಸಾವಿರಾರು ಹರ್ಷದ ಸಂಖ್ಯೆಗಳನ್ನು ಪಟ್ಟಿ ಮಾಡುತ್ತದೆ. ಆದರೆ ಹುಡುಕಬೇಕಾದ್ದು ಏನೆಂದು ಅದಕ್ಕೆ ಹೇಳಿಕೊಟ್ಟದ್ದು ಆ ಮಾಸ್ಟ್ರ ಪೆನ್ಸಿಲ್. ನಮ್ಮ ಶಾಲೆಯಲ್ಲಿ ಈಗ ಓದುತ್ತಿರುವ ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಅಂತಹದೊಂದು ಗೀಚು ಇರಬಹುದು. ಅದು ಪಾಠದಲ್ಲಿಲ್ಲ ಎಂದು ಯಾರೂ ಅಳಿಸದಿರಲಿ.