ಕಿಡಿ ತಪ್ಪದ ಪಿಸ್ತೂಲು: ಸ್ಯಾಮ್ಯುಯೆಲ್ ಕೋಲ್ಟ್

ಮಳೆಗಾಲದಲ್ಲಿ ನಮ್ಮ ಮನೆಯ ಗ್ಯಾಸ್ ಲೈಟರ್ ಹತ್ತು ಸಲ ಒತ್ತಿದರೆ ಒಂದು ಸಲ ಕಿಡಿ ಕೊಡುತ್ತದೆ. ಅಮ್ಮಿ ಅದನ್ನು ಬಟ್ಟೆಯಿಂದ ಒರೆಸಿ ಮತ್ತೆ ಒತ್ತುತ್ತಾರೆ. ಚಹಾ ಐದು ನಿಮಿಷ ತಡವಾಗುತ್ತದೆ, ಅಷ್ಟೇ. ಆದರೆ ಶತ್ರು ಎದುರಿಗೆ ನಿಂತಿರುವಾಗ ಕೈಯಲ್ಲಿರುವ ಬಂದೂಕು ಹೀಗೆ ಮಾಡಿದರೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಜೀವನ ಕಳೆದವನು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್.

ಕೋಲ್ಟ್ ಹುಟ್ಟಿದ್ದು 1814ರ ಜುಲೈ 19ರಂದು, ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು, ತಂದೆಯ ವ್ಯಾಪಾರ ನಷ್ಟಕ್ಕೆ ಬಿತ್ತು. 1830ರಲ್ಲಿ ಹದಿನಾರರ ಹುಡುಗ ಕೋರ್ವೊ ಎಂಬ ಹಡಗಿನಲ್ಲಿ ಕೆಲಸಕ್ಕೆ ಸೇರಿ ನಮ್ಮ ಕಲ್ಕತ್ತಾಗೆ ಹೊರಟ. ಆ ಪ್ರಯಾಣದಲ್ಲೇ ಅವನು ತಿರುಗುವ ಸಿಲಿಂಡರಿನ ಪಿಸ್ತೂಲಿನ ಮಾದರಿಯನ್ನು ಮರದಲ್ಲಿ ಕೆತ್ತಿದ. ಹಡಗಿನ ಚಕ್ರ ನೋಡಿ ಆ ಯೋಚನೆ ಹೊಳೆಯಿತು ಎಂಬ ಕಥೆಯೂ ಇದೆ.

ಹಳೆಯ ಬಂದೂಕುಗಳಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಬಡಿದು, ಕಿಡಿ ತೆರೆದ ತಟ್ಟೆಯ ಮದ್ದಿಗೆ ಬೀಳಬೇಕಿತ್ತು. ಮಳೆ ಬಂದರೆ, ಗಾಳಿ ಬೀಸಿದರೆ ಕೆಲಸ ಕೆಟ್ಟಿತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅದು ಪುಟ್ಟ ತಾಮ್ರದ ಕ್ಯಾಪ್ ಆಯಿತು. ಕೋಲ್ಟ್ ತನ್ನ ಸಿಲಿಂಡರಿನ ಪ್ರತಿ ಗೂಡಿನ ಹಿಂದೆಯೂ ಒಂದೊಂದು ಕ್ಯಾಪ್ ಕೂರುವಂತೆ ಮಾಡಿದ. ಹ್ಯಾಮರ್ ಹಿಂದಕ್ಕೆ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ಗೂಡು ತಾನಾಗಿ ಸಿದ್ಧವಾಗುತ್ತಿತ್ತು.

ಕೇಳಲು ಸುಲಭ, ಮಾಡಲು ಕಷ್ಟ. ತಂದೆಯ ಹಣದಲ್ಲಿ ಮಾಡಿಸಿದ ಮೊದಲ ಪಿಸ್ತೂಲು ಪರೀಕ್ಷೆಯಲ್ಲೇ ಒಡೆದು ಹೋಯಿತು. ಹಣಕ್ಕಾಗಿ ಅವನು ಡಾಕ್ಟರ್ ಎಂದು ಹೇಳಿಕೊಂಡು ಊರೂರಿನಲ್ಲಿ ನಗಿಸುವ ಅನಿಲದ ಪ್ರದರ್ಶನ ಕೊಟ್ಟ. 1836ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು, ಪ್ಯಾಟರ್‌ಸನ್ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಆದರೆ ಫ್ಲಾರಿಡಾದ ಯುದ್ಧಕ್ಕೆ ಕಳಿಸಿದ ಬಂದೂಕುಗಳನ್ನು ಸೈನಿಕರು ಕುತೂಹಲದಿಂದ ಬಿಚ್ಚಿ ಬಿಡಿಭಾಗಗಳನ್ನು ಮುರಿದು ಹಾಕಿದರು. ಇಂಥ ಆಯುಧ ಕಾಪಾಡುವುದೂ ಒಂದು ವಿದ್ಯೆ. ಮದ್ದು ತೇವವಾದರೆ ಹೊತ್ತುವುದಿಲ್ಲ. ಕ್ಯಾಪ್ ಸಡಿಲವಾದರೆ ಬಿದ್ದು ಹೋಗುತ್ತದೆ. ಒಡೆದ ಕ್ಯಾಪಿನ ಚೂರು ಒಳಗೆ ಸಿಕ್ಕಿಕೊಂಡರೆ ಸಿಲಿಂಡರ್ ತಿರುಗುವುದಿಲ್ಲ. ಸ್ಪ್ರಿಂಗ್ ಸೋತರೆ ಪೆಟ್ಟು ಸಾಲುವುದಿಲ್ಲ. ಕಪ್ಪು ಮದ್ದಿನ ಮಸಿಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ. ಕೊಂಡವರಿಗೆ ನಂಬಿಕೆ ಬರಲಿಲ್ಲ. 1842ರಲ್ಲಿ ಕಂಪನಿ ಮುಚ್ಚಿತು.

ಐದು ವರ್ಷದ ನಂತರ ಸ್ಯಾಮ್ಯುಯೆಲ್ ವಾಕರ್ ಎಂಬ ಸೇನಾ ಕ್ಯಾಪ್ಟನ್ ಮೆಕ್ಸಿಕೊ ಯುದ್ಧಕ್ಕಾಗಿ ಅವನನ್ನು ಹುಡುಕಿಕೊಂಡು ಬಂದ. 1,000 ಪಿಸ್ತೂಲಿನ ಆರ್ಡರ್! ಕೋಲ್ಟ್ ಬಳಿ ಸ್ವಂತ ಕಾರ್ಖಾನೆಯೇ ಇರಲಿಲ್ಲ, ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿ ಕೊಟ್ಟ. ಅವುಗಳಲ್ಲೂ ಹಲವು ಸಿಲಿಂಡರ್ ಸೀಳಿದವು. ಅವನು ಮುಂದಿನ ಮಾದರಿಯಲ್ಲಿ ಅದನ್ನು ತಿದ್ದಿದ. ಹಾರ್ಟ್‌ಫರ್ಡ್‌ನಲ್ಲಿ 1855ರಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, ಅದರ ಮೇಲೆ ನೀಲಿ ಗುಂಬಜ್ ನಿಲ್ಲಿಸಿದ. ಅಲ್ಲಿ ಹೆಚ್ಚಿನ ಬಿಡಿಭಾಗಗಳನ್ನು ಯಂತ್ರಗಳೇ ಒಂದೇ ಅಳತೆಯಲ್ಲಿ ತಯಾರಿಸುತ್ತಿದ್ದವು. ಇದರಿಂದ ರಿಪೇರಿ ಸುಲಭವಾಯಿತು, ಬೆಲೆಯೂ ಇಳಿಯಿತು.

1862ರ ಜನವರಿ 10ರಂದು, 47ನೇ ವಯಸ್ಸಿನಲ್ಲಿ, ಭಾರಿ ಶ್ರೀಮಂತನಾಗಿ ಅವನು ತೀರಿಕೊಂಡ. ಎರಡು ವರ್ಷದ ನಂತರ ಕಾರ್ಖಾನೆ ಸುಟ್ಟಾಗ ಪತ್ನಿ ಎಲಿಜಬೆತ್ ಅದನ್ನು ಮತ್ತೆ ಕಟ್ಟಿಸಿದರು.

ಸೋತರೂ ಬಿಡದ ಉದ್ಯಮಿ ಎಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕದ ಎರಡೂ ಬದಿ ನೋಡಬೇಕು. ಅಮೆರಿಕದ ಅಂತರ್ಯುದ್ಧ ಶುರುವಾಗುವ ತನಕ ಅವನು ಉತ್ತರಕ್ಕೂ ಮಾರಿದ, ಗುಲಾಮಗಿರಿ ಇದ್ದ ದಕ್ಷಿಣಕ್ಕೂ ಮಾರಿದ. ಫ್ಲಾರಿಡಾದಲ್ಲಿ ಆ ಬಂದೂಕಿನ ಎದುರಿಗಿದ್ದವರು ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದ ಸೆಮಿನೋಲ್ ಜನ. ಪಿಸ್ತೂಲಿಗೆ ಕಿಡಿ ತಪ್ಪಬಾರದು ಎಂದು ಅವನು ಇಡೀ ಆಯುಷ್ಯ ದುಡಿದ. ಆ ಕಿಡಿ ಯಾರ ಎದೆಗೆ ಎಂಬುದು ಅವನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಅವನ ಛಲ ನಮಗೆ ಬೇಕು, ಗೆಳೆಯರೇ. ಆದರೆ ನಾಳೆ ನಾವು ವ್ಯಾಪಾರ ಮಾಡುವಾಗ ಆ ಒಂದು ಕಾಲಂ ಖಾಲಿ ಬಿಡುವುದು ಬೇಡ.