ಕಾಗದದ ಮನುಷ್ಯ

ಗ್ರೌಂಡಲ್ಲಿ ಟೀಮ್ ಮಾಡುವಾಗ ನಾವೆಲ್ಲ ಮೊದಲು ನೋಡೋದು ಮೈಕಟ್ಟನ್ನೇ. ಸಣಕಲ ಹುಡುಗ ಕೊನೆಗೆ ಉಳೀತಾನೆ. ಮಥಿಯಾಸ್ ಸಿಂಡೆಲಾರ್‌ನನ್ನೂ ನಾವು ಹಾಗೇ ಬಿಟ್ಟಿರುತ್ತಿದ್ದೆವೇನೋ! ಅವನ ಸಪೂರ ಮೈ ನೋಡಿ ವಿಯೆನ್ನಾದ ಜನ 'ಕಾಗದದ ಮನುಷ್ಯ' ಅಂತಲೇ ಕರೀತಿದ್ದರು.

ಹುಟ್ಟಿದ್ದು 1903ರಲ್ಲಿ, ಮೊರಾವಿಯಾದ ಹಳ್ಳಿಯಲ್ಲಿ. ಗಾರೆ ಕೆಲಸದ ಅಪ್ಪ ಸಂಸಾರ ಸಮೇತ ವಿಯೆನ್ನಾಕ್ಕೆ ಬಂದರು. 1917ರಲ್ಲಿ ಮಹಾಯುದ್ಧದಲ್ಲಿ ಮಡಿದರು. ಹುಡುಗ ಬೀಗದ ಕೆಲಸ ಕಲಿಯುತ್ತಾ, ಬೀದಿಯಲ್ಲಿ ಚೆಂಡು ಒದೆಯುತ್ತಾ ಬೆಳೆದ. ಇಪ್ಪತ್ತರ ಹೊತ್ತಿಗೆ ಮಂಡಿಗೆ ಏಟಾಗಿ ಆಪರೇಷನ್ ಆಯಿತು. ಆಮೇಲೆ ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡೇ ಆಡಿದ. ಡಿಕ್ಕಿ ಹೊಡೆಯೋ ಆಟ ಅವನದಲ್ಲ; ಡಿಫೆಂಡರ್ ಬರೋ ಮೊದಲೇ ಚೆಂಡನ್ನು ಬೇರೆ ಕಡೆ ದಾಟಿಸಿರುತ್ತಿದ್ದ.

1931ರ ಮೇ ತಿಂಗಳಲ್ಲಿ ಆಸ್ಟ್ರಿಯಾ ಸ್ಕಾಟ್ಲೆಂಡನ್ನು 5-0ಯಿಂದ ಮಣಿಸಿತು. ಕೋಚ್ ಹ್ಯೂಗೋ ಮೈಸ್ಲ್ ಕಟ್ಟಿದ ಆ ತಂಡಕ್ಕೆ 'ವುಂಡರ್‌ಟೀಮ್', ಅಂದರೆ ಅದ್ಭುತ ತಂಡ, ಎಂಬ ಹೆಸರು ಬಂತು. ಅದರ ನಡು ಫಾರ್ವರ್ಡ್ ನಮ್ಮ ಸಿಂಡೆಲಾರ್. 1934ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಮಿಲಾನ್‌ನ ಕೆಸರು ಮೈದಾನದಲ್ಲಿ ಇಟಲಿ ಒಂದೇ ಗೋಲಿನಿಂದ ಗೆದ್ದಿತು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನೇ ನುಂಗಿದ. ದೇಶ ಹೋಯಿತು, ತಂಡವೂ ಹೋಯಿತು. ಏಪ್ರಿಲ್ 3ರಂದು ವಿಯೆನ್ನಾದಲ್ಲಿ ಜರ್ಮನಿಯ ಎದುರು ಬೀಳ್ಕೊಡುಗೆ ಪಂದ್ಯ. ಆಸ್ಟ್ರಿಯಾ 2-0, ಮೊದಲ ಗೋಲು ಸಿಂಡೆಲಾರ್‌ನದು. ಆಮೇಲೆ ಜರ್ಮನ್ ತಂಡಕ್ಕೆ ಬಾ ಅಂತ ಕರೆದರೆ, ವಯಸ್ಸಾಯ್ತು, ಮಂಡಿ ನೋವು ಅಂತ ಹೇಳಿ ಹೋಗಲೇ ಇಲ್ಲ. ಆ ವರ್ಷದ ವಿಶ್ವಕಪ್‌ನಲ್ಲಿ ಜರ್ಮನಿ ಮೊದಲ ಸುತ್ತಿನಲ್ಲೇ ಮನೆ ಸೇರಿತು.

ಕಥೆ ಇಲ್ಲಿಗೇ ಮುಗಿಸಿದ್ದರೆ ಅವನೊಬ್ಬ ಅಪ್ಪಟ ಹೀರೋ. ಆದರೆ ಅದೇ ವರ್ಷ ಅವನು ಒಂದು ಕೆಫೆ ಕೊಂಡ. ಅದು ನಾಝಿ ಆಡಳಿತದ ಒತ್ತಡಕ್ಕೆ ಸಿಕ್ಕಿ ಮಾರಬೇಕಾಗಿ ಬಂದ ಒಬ್ಬ ಯಹೂದಿಯದು. ಜರ್ಮನ್ ಜೆರ್ಸಿ ಬೇಡ ಅಂದವನೇ ಈ ವ್ಯವಹಾರಕ್ಕೆ ಹ್ಞೂಂ ಅಂದ. ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನಷ್ಟೇ ಹೇಳೋದು ನಮಗೆ ಸರಿ ಕಾಣಲಿಲ್ಲ.

1939ರ ಜನವರಿ 23ರಂದು, 35ನೇ ವಯಸ್ಸಿನಲ್ಲಿ, ಕಾರ್ಬನ್ ಮೊನಾಕ್ಸೈಡ್ ಅವನನ್ನೂ ಅವನ ಗೆಳತಿಯನ್ನೂ ಬಲಿ ತೆಗೆದುಕೊಂಡಿತು. ಅಪಘಾತ ಅಂದರು, ಆತ್ಮಹತ್ಯೆ ಅಂದರು, ಕೊಲೆ ಅಂತಲೂ ಅಂದರು. ಅವನನ್ನು ಕಳಿಸಿಕೊಡೋಕೆ ವಿಯೆನ್ನಾದ ಸಾವಿರಾರು ಜನ ಬಂದಿದ್ದರು.